ಜೀನಿಗೂ ಒಂದು ತೌರುಮನೆ

ಜೆನೆಟಿಕ್ ರಿಪೋರ್ಟ್ ಮನೆಗೆ ಬಂದ ದಿನ ಮೊದಲು ಏಳುವ ಪ್ರಶ್ನೆ, ‘ಇದು ಯಾರ ಕಡೆಯಿಂದ ಬಂತು?’ ಕಾಯಿಲೆಯ ಹೆಸರೇನು, ಔಷಧಿ ಉಂಟೋ ಇಲ್ಲವೋ, ಮುಂದೇನು ಮಾಡಬೇಕು, ಅದೆಲ್ಲ ಆಮೇಲಿನ ಮಾತು. ಹೆಣ್ಣಿನ ಕಡೆಯವರು ಉಪ್ಪಿಟ್ಟಿಗೆ ಗೋಡಂಬಿ ಹಾಕಿಸಲಿಲ್ಲ, ಗಂಡಿನ ಕಡೆಯವರು ಹೇಳದೆ ಕೇಳದೆ ಐವತ್ತು ಜನರನ್ನು ಹೆಚ್ಚಿಗೆ ಕರೆತಂದರು ಎಂದು ಮದುವೆಯ ದಿನ ಹೂಡಿದ ವ್ಯಾಜ್ಯ ಇಷ್ಟು ವರ್ಷ ಸಾಕ್ಷಿಯಿಲ್ಲದೆ ನೆನೆಗುದಿಗೆ ಬಿದ್ದಿತ್ತು. ಈಗ ಲ್ಯಾಬಿನ ಸೀಲು ಬಿದ್ದ ದಾಖಲೆಯೇ ಕೈಗೆ ಸಿಕ್ಕಿದೆ. ಬಿಡುವವರುಂಟೇ?

ಬೀಟಾ ಥಲಸ್ಸೀಮಿಯಾವನ್ನೇ ತೆಗೆದುಕೊಳ್ಳಿ. ಕೆಟ್ಟ ಜೀನಿನ ಒಂದೇ ಪ್ರತಿ ಇದ್ದವರು ವಾಹಕರು, ಆಸ್ಪತ್ರೆಯ ಭಾಷೆಯಲ್ಲಿ ಕ್ಯಾರಿಯರ್. ಅವರಿಗೆ ಹೇಳಿಕೊಳ್ಳುವಂಥ ತೊಂದರೆ ಏನೂ ಇರುವುದಿಲ್ಲ. ‘ರಕ್ತ ಸ್ವಲ್ಪ ಕಮ್ಮಿ ಇದೆಯಮ್ಮಾ’ ಎಂದು ಹೇಳಿಸಿಕೊಂಡು, ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿ, ಬೀಟ್‌ರೂಟ್ ಪಲ್ಯ, ನುಗ್ಗೆಸೊಪ್ಪಿನ ಸಾರು ತಿಂದು ತಿಂದು ಬೇಸತ್ತರೂ ಹಿಮೋಗ್ಲೋಬಿನ್ ಇದ್ದಲ್ಲೇ ಇರುತ್ತದೆ, ಅಷ್ಟೆ. ಗಂಡ ಹೆಂಡತಿ ಇಬ್ಬರೂ ವಾಹಕರಾದಾಗ ಮಾತ್ರ ಕಷ್ಟ. ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ಶೇ. 25. ಹಾಗೆ ಹುಟ್ಟಿದ ಮಗು ಮೊದಲೆರಡು ವರ್ಷದೊಳಗೇ ಬಿಳಿಚಿಕೊಳ್ಳುತ್ತದೆ; ಆಮೇಲೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಏರಿಸಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ಬೇರೆ ಔಷಧಿ ಕೊಡಬೇಕು.

ಅಂದರೆ ಇದು ಒಂದೇ ಕಡೆಯಿಂದ ಬರಲು ಸಾಧ್ಯವೇ ಇಲ್ಲದ ಕಾಯಿಲೆ. ಅಪ್ಪ ಒಂದು, ಅಮ್ಮ ಒಂದು, ತಲಾ ಒಂದೊಂದು ಪ್ರತಿ ಕೊಟ್ಟರಷ್ಟೇ ಆಗುವಂಥದ್ದು. ನಮ್ಮ ಮದುವೆಗಳಲ್ಲಿ ಎರಡೂ ಕಡೆಯವರು ನಯಾಪೈಸೆ ಹೆಚ್ಚುಕಡಿಮೆ ಇಲ್ಲದೆ ಸರಿಸಮ ಖರ್ಚು ಹಾಕಿದ ಬಾಬತ್ತು ಇದೊಂದೇ ಇರಬೇಕು. ಆದರೂ ಬಿಲ್ಲು ಹೋಗುವುದು ಹೆಣ್ಣಿನ ಮನೆಗೇ.

ಇದಕ್ಕೆ ವೈದ್ಯಶಾಸ್ತ್ರವೂ ತಿಳಿಯದೆ ಕೈಜೋಡಿಸಿದೆ. ಬಸುರಿ ತಪಾಸಣೆಗೆ ಬಂದಾಗ ಮೊದಲು ಹೆಂಡತಿಯ ರಕ್ತ ಪರೀಕ್ಷೆ. ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ ಎಚ್‌ಬಿಎ2 ಎಂಬ ಹಿಮೋಗ್ಲೋಬಿನ್ ಅಂಶ ಶೇ. 3.5 ದಾಟಿತೆಂದರೆ ಗಂಡನಿಗೂ ಕರೆ ಹೋಗುತ್ತದೆ. ಖರ್ಚು ಉಳಿಸುವ ದೃಷ್ಟಿಯಿಂದ ಸರಿಯಾದ ಕ್ರಮವೇ. ಆದರೆ ‘ನಿಮ್ಮ ಯಜಮಾನ್ರನ್ನೂ ಕರ್ಕೊಂಡು ಬನ್ನಿ’ ಎಂಬ ಡಾಕ್ಟರ ಮಾತು ಮನೆ ತಲುಪುವಷ್ಟರಲ್ಲಿ ಸವೆದು, ‘ಅವಳಿಗೇನೋ ಇದೆಯಂತೆ’ ಆಗಿರುತ್ತದೆ. ಯಜಮಾನರನ್ನು ಕೇಳಿ:

‘ನಂಗೇನಾಗಿದೆ? ದಿನಾ ಬೆಳಗ್ಗೆ ಲಾಲ್‌ಬಾಗಲ್ಲಿ ಮೂರು ರೌಂಡ್ ಹೊಡೀತೀನಿ.’

‘ಏನೂ ಆಗಿರಲ್ವಂತೆ ರೀ. ಸುಮ್ಮನೆ ಒಂದು ರಕ್ತ ಪರೀಕ್ಷೆ.’

‘ಏನೂ ಆಗಿಲ್ಲ ಅಂದ್ಮೇಲೆ ಪರೀಕ್ಷೆ ಯಾಕೆ? ನೋಡೋಣ, ಮಾರ್ಚ್ ಕಳೀಲಿ.’

ಮಾರ್ಚ್ ಕಳೆಯುವುದಕ್ಕೆ ಆಡಿಟ್ ಕಾಯುತ್ತದೆ, ಬಸಿರು ಕಾಯುವುದಿಲ್ಲ. ಗರ್ಭದ ಕಸದ ಚೂರು ತೆಗೆದು ಮಾಡುವ ಪರೀಕ್ಷೆಗೆ ಹನ್ನೊಂದನೇ ವಾರದಿಂದ ಹದಿನಾಲ್ಕನೇ ವಾರದೊಳಗೆ ಹೋಗಬೇಕು; ಅದು ತಪ್ಪಿದರೆ ಹದಿನಾರನೇ ವಾರದ ಆಸುಪಾಸಿನಲ್ಲಿ ಗರ್ಭದ ನೀರಿನ ಪರೀಕ್ಷೆ. ಮನೆಸಾಲದ ಅರ್ಜಿಗೆ ಜಂಟಿ ಸಹಿ ಹಾಕಲು ಅರ್ಧ ದಿನ ರಜೆ ಹಾಕಿ ಓಡಿಬಂದಿದ್ದ ಅದೇ ಯಜಮಾನರಿಗೆ ಮೂರು ಎಂ.ಎಲ್. ರಕ್ತ ಕೊಡಲು ಪುರುಸೊತ್ತಿಲ್ಲ. ಸೂಜಿಗೆ ಹೆದರುತ್ತಾರೆ ಎನ್ನುವವರಿದ್ದಾರೆ. ನನ್ನ ಅನುಮಾನ ಬೇರೆ. ಫಲಿತಾಂಶ ಬಂದರೆ ವ್ಯಾಜ್ಯ ಡ್ರಾ ಆಗುತ್ತದಲ್ಲ, ಆ ಹೆದರಿಕೆ.

ಕೊನೆಗೂ ಇಬ್ಬರೂ ಬಂದು ಜೆನೆಟಿಕ್ ಕೌನ್ಸೆಲರ್ ಎದುರು ಕೂತರೆನ್ನಿ. ಆಕೆ ಬಿಳಿಹಾಳೆ ಮೇಲೆ ವಂಶವೃಕ್ಷ ಬರೆಯಲು ಶುರುಮಾಡುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ವಾಹಕರಾದರೆ ಅರ್ಧ ಕಪ್ಪು. ‘ನಿಮ್ಮ ತಂದೆಯ ಜೊತೆ ಹುಟ್ಟಿದವರೆಷ್ಟು?’ ಎಂದು ಗಂಡನನ್ನು ಕೇಳಿದರೆ ಆತ ಹೆಂಡತಿಯ ಮುಖ ನೋಡುತ್ತಾನೆ. ಆಕೆ ಗಡಗಡ ಒಪ್ಪಿಸುತ್ತಾಳೆ: ‘ಆರು ಜನ ಮೇಡಂ. ಮೂರನೇ ಚಿಕ್ಕಪ್ಪನಿಗೆ ಎರಡು ಮಕ್ಕಳು ಹೋದ್ವು, ಸಣ್ಣಮ್ಮನ ಮಗ ಒಬ್ಬ ಹುಟ್ಟಿದಾಗ್ಲಿಂದ ಹಾಸಿಗೇಲೇ ಇದ್ದ, ಇವ್ರಿಗೆ ಗೊತ್ತಿಲ್ಲ.’ ಗಂಡನ ಮನೆಯ ಮೂರು ತಲೆಮಾರಿನ ಸಾವು ನೋವು ಸೊಸೆಯ ನಾಲಿಗೆಯ ತುದಿಯಲ್ಲಿ ಇರುತ್ತದೆ. ಆ ಮನೆಯಲ್ಲೇ ಹುಟ್ಟಿದವನಿಗೆ ಗೊತ್ತಿರುವುದು ಸೈಟಿನ ಅಳತೆ.

ಆಮೇಲೆ ಕೌನ್ಸೆಲರ್ ಕೇಳುತ್ತಾರೆ, ‘ನಿಮ್ಮದು ಸಂಬಂಧದಲ್ಲಿ ಮದುವೆಯೇ?’

‘ಅಯ್ಯೋ ಇಲ್ಲ ಮೇಡಂ, ಹಾಗೇನಿಲ್ಲ. ಹೊರಗಿನವರೇನಲ್ಲ, ಇವರು ನಮ್ಮ ಸ್ವಂತ ಸೋದರಮಾವ.’

ವಂಶವೃಕ್ಷದಲ್ಲಿ ಇಂಥ ಮದುವೆಗೆ ಒಂಟಿ ಗೆರೆಯ ಬದಲು ಜೋಡಿ ಗೆರೆ ಎಳೆಯುತ್ತಾರೆ. ಕರ್ನಾಟಕದ ಕೌನ್ಸೆಲರ್‌ಗಳ ಪೆನ್ನು ಬೇಗ ಖಾಲಿಯಾಗುತ್ತಿದ್ದರೆ ಆಶ್ಚರ್ಯವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಮದುವೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲೇ ಆದಂಥವು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನುಗಳು ಸರಾಸರಿ ಕಾಲು ಭಾಗ ಒಂದೇ. ಸೋದರತ್ತೆಯ ಮಗನಾದರೆ ಎಂಟರಲ್ಲಿ ಒಂದು ಭಾಗ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಸೋದರಸೊಸೆಯ ಈ ಮದುವೆಯನ್ನು ನಿಷಿದ್ಧ ಪಟ್ಟಿಯಲ್ಲಿ ಇಟ್ಟು, ಪಕ್ಕದಲ್ಲೇ ‘ರೂಢಿಯಲ್ಲಿದ್ದರೆ ನಡೆಯಲಿ’ ಎಂದು ಬಾಗಿಲನ್ನೂ ತೆರೆದಿಟ್ಟಿದೆ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣಳತೆಯಲ್ಲೇ ಇರಬೇಕು ಎಂಬ ಲೆಕ್ಕ. ಆಸ್ತಿಯ ಜೊತೆ ಇನ್ನೂ ಒಂದಷ್ಟು ಹೊರಗೆ ಹೋಗದೆ ಉಳಿಯಿತು ಎಂಬುದು ರಿಪೋರ್ಟು ಬಂದ ಮೇಲೆ ಗೊತ್ತಾಗುತ್ತದೆ.

ಜಾತಕದಲ್ಲಿ ಇದಕ್ಕೆಲ್ಲ ತಡೆ ಇಲ್ಲವೇ ಎಂದರೆ, ಇದೆ. ಅಷ್ಟಕೂಟದ 36 ಗುಣಗಳಲ್ಲಿ ನಾಡಿಗೇ 8 ಅಂಕ. ಗಂಡು ಹೆಣ್ಣು ಇಬ್ಬರದೂ ಒಂದೇ ನಾಡಿಯಾದರೆ ಸಂತಾನಕ್ಕೆ ತೊಂದರೆ ಎಂದು ಸಾಲಾವಳಿಯನ್ನೇ ಪಕ್ಕಕ್ಕಿಡುತ್ತಾರೆ. ಒಂದೇ ಗೋತ್ರವಾದರಂತೂ ಮಾತೇ ಇಲ್ಲ. ಒಂದೇ ನಾಡಿ ಕೂಡದು, ಒಂದೇ ಗೋತ್ರ ಕೂಡದು. ಒಂದೇ ಅಜ್ಜಿ ಪರವಾಗಿಲ್ಲ.

ಸೋದರಮಾವನೇ ಗಂಡನಾದ ಈ ಮನೆಯಲ್ಲಿ ರಿಪೋರ್ಟು ಬಂದ ದಿನದ ಸೊಗಸನ್ನು ನೋಡಬೇಕು. ಅತ್ತೆ ಅಂದರೆ ಸೊಸೆಯ ತಾಯಿಯ ತಾಯಿ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ‘ನಮ್ಮ ವಂಶದಲ್ಲಿ ಇಂಥದ್ದು ಇರಲೇ ಇಲ್ಲ, ಇದು ಇವಳ ತೌರಿಂದಲೇ ಬಂದಿದ್ದು’ ಎನ್ನುತ್ತಾರೆ. ಇವಳ ತೌರು ಎಂದರೆ ಆಕೆ ಸ್ವತಃ ಹೆತ್ತು, ಬಾಣಂತನ ಮಾಡಿ, ಮದುವೆ ಮಾಡಿ ಕಳಿಸಿದ ಮಗಳ ಮನೆ. ಬೈಗುಳ ಕೇರಿಯೆಲ್ಲ ಸುತ್ತಿ ಬೈದವರ ಹೊಸ್ತಿಲಿಗೇ ಬಂದು ನಿಂತಿರುತ್ತದೆ. ಯಾರೂ ಗಮನಿಸುವುದಿಲ್ಲ. ಇನ್ನೂ ದಾರಿ ಹುಡುಕಿದರೆ ಅಳಿಯನ ಕಡೆಯವರು, ಅಂದರೆ ಹುಡುಗಿಯ ಅಪ್ಪನ ಕಡೆಯವರು ಇದ್ದೇ ಇದ್ದಾರಲ್ಲ. ಅವರ ಮೇಲೆ ಹಾಕಿದರಾಯಿತು. ಎರಡೂ ಕೆಟ್ಟ ಪ್ರತಿ ಒಂದೇ ಅಜ್ಜಿ-ತಾತನಿಂದ ಎರಡು ದಾರಿಯಲ್ಲಿ ಹರಿದು ಬಂದಿರಬಹುದು ಎಂಬುದನ್ನು ಕೌನ್ಸೆಲರ್ ಎಷ್ಟು ಮೆಲ್ಲಗೆ ಹೇಳಿದರೂ ಅಜ್ಜಿಯ ಕಿವಿ ಆ ಹೊತ್ತಿಗೆ ಸರಿಯಾಗಿ ಕೇಳಿಸುವುದಿಲ್ಲ.

ನಮ್ಮವರನ್ನಷ್ಟೇ ಆಡಿಕೊಂಡರೆ ನ್ಯಾಯವಲ್ಲ. ಚಾರ್ಲ್ಸ್ ಡಾರ್ವಿನ್ ಮದುವೆಯಾಗಬೇಕೋ ಬೇಡವೋ ಎಂದು ಕಾಗದದ ಮೇಲೆ ಲಾಭನಷ್ಟದ ಪಟ್ಟಿ ಬರೆದ ಮನುಷ್ಯ. ಆ ಪಟ್ಟಿಯಲ್ಲಿ ಹೆಂಡತಿಯನ್ನು ನಾಯಿಯ ಜೊತೆ ಹೋಲಿಸಿ, ನಾಯಿಗಿಂತ ವಾಸಿ ಎಂಬ ತೀರ್ಮಾನಕ್ಕೂ ಬಂದಿದ್ದ. ಅಷ್ಟೆಲ್ಲ ಲೆಕ್ಕ ಹಾಕಿ 1839ರಲ್ಲಿ ಮದುವೆಯಾಗಿದ್ದು ಸೋದರಮಾವನ ಮಗಳು ಎಮಾಳನ್ನು. ಹತ್ತು ಮಕ್ಕಳಲ್ಲಿ ಮೂರು ಚಿಕ್ಕಂದಿನಲ್ಲೇ ಹೋದವು. ಆಮೇಲೆ ಗಿಡಗಳ ಮೇಲೆ ಪ್ರಯೋಗ ಮಾಡುತ್ತ, ಒಳಗೊಳಗೇ ಬೆಳೆಸಿದ ತಳಿ ಸೊರಗುವುದನ್ನು ಕಂಡು ಡಾರ್ವಿನ್ ಕೊರಗಿದ. 1871ರ ಜನಗಣತಿಯಲ್ಲಿ ಸಂಬಂಧದ ಮದುವೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಬೇಕೆಂದು ಗೆಳೆಯನ ಮೂಲಕ ಬ್ರಿಟಿಷ್ ಸಂಸತ್ತಿಗೆ ಮನವಿ ಹೋಯಿತು, ಸಂಸತ್ತು ತಳ್ಳಿಹಾಕಿತು. ಮನೆಯ ಗುಟ್ಟನ್ನು ಸರ್ಕಾರ ಬಂದು ಕೇಳುವುದೇ ಎಂಬ ಮುನಿಸು ಆ ದೇಶದಲ್ಲೂ ಇತ್ತು. ಅದೇ ಕಾಲಕ್ಕೆ ಅನುವಂಶೀಯತೆಯ ನಿಯಮವನ್ನು ಬಟಾಣಿ ಗಿಡದಲ್ಲಿ ಕಂಡುಹಿಡಿದು 1866ರಲ್ಲಿ ಅಚ್ಚು ಹಾಕಿಸಿದ್ದ ಮೆಂಡೆಲ್‌ಗೆ ಇಂಥ ಕಾಟವಿರಲಿಲ್ಲ. ಅವರು ಮಠದ ಸನ್ಯಾಸಿ. ಬೀಗರಿದ್ದಿದ್ದರೆ ಬಟಾಣಿಯ ಲೆಕ್ಕ ಅಷ್ಟು ನಿಷ್ಪಕ್ಷಪಾತವಾಗಿ ಬರುತ್ತಿತ್ತೆಂದು ನನಗಂತೂ ನಂಬಿಕೆಯಿಲ್ಲ.

ಅರಮನೆಗಳ ಕಥೆ ಇನ್ನೂ ಚೆನ್ನ. ಹಿಮೋಫಿಲಿಯಾ, ಅಂದರೆ ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ, ವಿಕ್ಟೋರಿಯಾ ರಾಣಿಯ ಹೆಣ್ಣುಮಕ್ಕಳ ಮೂಲಕ ಯುರೋಪಿನ ಅರಮನೆಗಳಿಗೆ ಹೋಯಿತು. ತಾಯಿ ವಾಹಕಿಯಾಗಿ, ಗಂಡುಮಗುವಿಗೆ ಕಾಯಿಲೆ ಬರುವ ಬಗೆ ಅದು. ಸ್ಪೇನಿನ ದೊರೆ ಹದಿಮೂರನೇ ಅಲ್ಫಾನ್ಸೊ 1906ರಲ್ಲಿ ವಿಕ್ಟೋರಿಯಾಳ ಮೊಮ್ಮಗಳು ಎನಾಳನ್ನು ಮದುವೆಯಾಗುವ ಮುಂಚೆಯೇ ಜನ ಎಚ್ಚರಿಸಿದ್ದರು. ಕೇಳಲಿಲ್ಲ. ಮರುವರ್ಷ ಹುಟ್ಟಿದ ಯುವರಾಜನಿಗೆ ಕಾಯಿಲೆ ಇದೆ ಎಂದು ಗೊತ್ತಾದ ಕೂಡಲೇ ದೊರೆಯ ಬಾಯಲ್ಲೂ ಬಂದಿದ್ದು ನಮ್ಮ ಓಣಿಯ ಮಾತೇ: ಎಲ್ಲ ನಿನ್ನ ಕಡೆಯಿಂದ. ಆಮೇಲೆ ರಾಣಿಯ ಮೇಲಿನ ಸಿಟ್ಟು ಇಳಿಯಲೇ ಇಲ್ಲ. 1931ರಲ್ಲಿ ಸಿಂಹಾಸನ ಹೋದ ಮೇಲೆ ಇಬ್ಬರೂ ಬೇರೆ ಬೇರೆ ಮನೆ ಹಿಡಿದರು. ಅತ್ತ ರಷ್ಯದ ಜಾರ್ ನಿಕೊಲಸ್ ಹೆಂಡತಿಯನ್ನು ದೂರಿದವನಲ್ಲ. ಗಂಡ ಹೆಂಡತಿ ಅನ್ಯೋನ್ಯವಾಗಿ, ಒಟ್ಟಿಗೆ ಕೂತು, ಯುವರಾಜನ ಕಾಯಿಲೆಯನ್ನು ಇಡೀ ದೇಶದಿಂದ ಮುಚ್ಚಿಟ್ಟರು. ಮುಚ್ಚಿಟ್ಟ ಮನೆಗೆ ಬಾಬಾ ಬರಲೇಬೇಕಲ್ಲ, ರಾಸ್‌ಪುಟಿನ್ ಬಂದ. ಮುಂದಿನದು ಚರಿತ್ರೆಯ ಪುಸ್ತಕದಲ್ಲಿದೆ.

ದೂರುವ ದಂಪತಿ, ಮುಚ್ಚಿಡುವ ದಂಪತಿ. ನೂರು ವರ್ಷ ಕಳೆದರೂ ಜಾತಿ ಈ ಎರಡೇ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೌನ್ಸೆಲರ್ ಕೋಣೆಯೊಳಗೆ ಇಬ್ಬರೇ ಇದ್ದಷ್ಟು ಹೊತ್ತು ಗಂಡ ಹೆಂಡತಿ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ. ಗಂಡ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡುತ್ತಾನೆ, ಹೆಂಡತಿ ‘ಪರವಾಗಿಲ್ಲ ರೀ, ನೋಡೋಣ’ ಎನ್ನುತ್ತಾಳೆ. ಕೆಡುವುದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಮೊದಲ ಫೋನು ಬಂದಾಗ. ಸಂಜೆಯೊಳಗೆ ಎರಡೂ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಬಂಧುಗಳು ರಿಪೋರ್ಟಿನ ಫೋಟೊ ಹಿಗ್ಗಿಸಿ ಓದುತ್ತಿರುತ್ತಾರೆ. ‘ಈ ಬದಲಾವಣೆಯ ಮಹತ್ವ ಸದ್ಯಕ್ಕೆ ಖಚಿತವಿಲ್ಲ’ ಎಂದು ಲ್ಯಾಬಿನವರೇ ಕೈಚೆಲ್ಲಿ ಬರೆದ ಸಾಲಿಗೆ ತಿಪಟೂರಿನ ದೊಡ್ಡಪ್ಪ ಅರ್ಧ ಗಂಟೆಯಲ್ಲಿ ಖಚಿತವಾದ ಅರ್ಥ ಹೇಳಿರುತ್ತಾರೆ.

ಇನ್ನು ಆ ಶೇ. 25ರ ಕಥೆ. ‘ನಾಲ್ಕರಲ್ಲಿ ಒಂದು ಅಂದ್ರಲ್ಲ, ಆ ಒಂದು ಮೊದಲನೇದಕ್ಕೇ ಆಗಿಹೋಯ್ತು. ಇನ್ನು ಮೂರಕ್ಕೆ ಭಯ ಇಲ್ಲ’ ಎಂದು ಬಿ.ಇ. ಓದಿದ ಭಾವಮೈದುನನೇ ಧೈರ್ಯ ಹೇಳುತ್ತಾನೆ. ಚೌಕಾಬಾರ ಆಡಿದ ಅಜ್ಜಿಯಂದಿರಿಗೆ ಇಷ್ಟು ತಿಳಿದಿತ್ತು: ಹಿಂದಿನ ಸಲ ಏನು ಬಿತ್ತು ಎಂಬುದು ಕವಡೆಗೆ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಲೆಕ್ಕ ಮೊದಲಿನಿಂದ ಶುರು. ಈ ಸರಳ ವಿಷಯ ತಲೆಗೆ ಹತ್ತದಿರಲು ಓದು ಕಡಿಮೆಯಾಗಿರುವುದು ಕಾರಣವಲ್ಲ, ಗಂಡುಮಗು ಇನ್ನೂ ಹುಟ್ಟಿಲ್ಲದಿರುವುದು ಕಾರಣ.

ಮುಚ್ಚಿಡುವ ದಂಪತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮಲ್ಲಿ ಇವರನ್ನು ಎಲ್ಲರೂ ಮೆಚ್ಚುತ್ತಾರೆ: ‘ಎಷ್ಟು ಹೊಂದಾಣಿಕೆ ನೋಡಿ.’ ಇವರ ರಿಪೋರ್ಟು ಬೀರುವಿನ ಲಾಕರಿನಲ್ಲಿ ಸೈಟಿನ ಕ್ರಯಪತ್ರಕ್ಕೂ ಚಿನ್ನದ ಸಾಲದ ರಸೀದಿಗೂ ನಡುವೆ ಇರುತ್ತದೆ. ಕೇಳಿದವರಿಗೆಲ್ಲ ಇಬ್ಬರೂ ಒಂದೇ ಸ್ವರದಲ್ಲಿ, ‘ವಿಟಮಿನ್ ಡಿ ಕಮ್ಮಿಯಂತೆ’ ಎನ್ನುತ್ತಾರೆ. ಇಂಥ ಒಗ್ಗಟ್ಟು ಗೃಹಪ್ರವೇಶದ ದಿನವೂ ಇರಲಿಲ್ಲ. ಆದರೆ ಗಂಡ ವಾಹಕನಾದರೆ ಅವನ ತಂಗಿಯೂ ವಾಹಕಿಯಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಆ ತಂಗಿಗೆ ಈಗ ಗಂಡು ನೋಡುತ್ತಿದ್ದಾರೆ. ರಾತ್ರಿ ದೀಪ ಆರಿಸಿದ ಮೇಲೆ ಪಿಸುಮಾತು:

‘ಅವಳಿಗೂ ಒಂದು ಟೆಸ್ಟ್ ಮಾಡ್ಸಿ ಅಂತ ಹೇಳೋಣ್ವಾ?’

‘ಈಗ್ಲಾ? ಹುಡುಗನ ಕಡೆಯವರಿಗೆ ಗೊತ್ತಾದ್ರೆ ಮುರಿದುಬೀಳುತ್ತೆ ಕಣೇ. ಮದುವೆ ಮುಗೀಲಿ.’

ಮದುವೆ ಮುಗಿದ ಮೇಲೆ, ‘ಈಗ ಹೇಳಿ ಏನು ಪ್ರಯೋಜನ? ಮಗು ಆಗ್ಲಿ.’ ಮಗು ಆದ ಮೇಲೆ ಹೇಳುವ ಅಗತ್ಯ ಬೀಳದೆಯೂ ಹೋಗಬಹುದು, ಮಗುವೇ ಹೇಳಲೂಬಹುದು. ದೂರುವ ದಂಪತಿ ತಮ್ಮ ಮನೆಯನ್ನಷ್ಟೇ ಕೆಡಿಸಿಕೊಳ್ಳುತ್ತಾರೆ. ಈ ಸಭ್ಯರು ತಂಗಿಯದು, ತಮ್ಮನದು, ಚಿಕ್ಕಪ್ಪನ ಮಗನದು ಎಂದು ಎಣಿಸುತ್ತಾ ಹೋಗುವಷ್ಟು ಮನೆಗಳನ್ನು ಕತ್ತಲಲ್ಲಿ ಇಡುತ್ತಾರೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಜಗಳಗಂಟರನ್ನೇ ಆರಿಸುವೆ. ಕಿರುಚಾಟ ಪಕ್ಕದ ಮನೆಗಾದರೂ ಕೇಳಿಸುತ್ತದೆ.

ಮದುವೆಗೆ ಮುಂಚೆಯೇ ನೋಡಿಕೊಂಡರೆ ಈ ಪಾಡಿಲ್ಲವಲ್ಲ ಎನ್ನುವಿರಿ. ಪ್ರಯತ್ನಿಸಿದವರಿದ್ದಾರೆ. ಗ್ರೀಸಿನ ಆರ್ಕೊಮೆನೊಸ್ ಎಂಬಲ್ಲಿ ಅರ್ಧ ಶತಮಾನದ ಹಿಂದೆ ಸಂಶೋಧಕರು ಊರಿಗೆ ಊರನ್ನೇ ಕುಡಗೋಲು ಕಣ ರೋಗದ, ಅಂದರೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಪರೀಕ್ಷೆಗೆ ಒಳಪಡಿಸಿದರು. ಅದೂ ಹಿರಿಯರು ನೋಡಿ ಒಪ್ಪಿ ಮಾಡುವ ಮದುವೆಗಳ ಊರು. ವಾಹಕರು ವಾಹಕರನ್ನು ಮದುವೆಯಾಗಬೇಡಿ ಎಂದು ಹೇಳಿ ಹೋದರು. ಕೆಲವು ವರ್ಷ ಬಿಟ್ಟು ಬಂದು ನೋಡಿದರೆ ವಾಹಕರಿಗೆ ಕಳಂಕ ಅಂಟಿತ್ತು, ಮನೆಯವರು ರಿಪೋರ್ಟು ಬಚ್ಚಿಟ್ಟಿದ್ದರು, ಮದುವೆಗಳು ಮೊದಲಿನಂತೆಯೇ ನಡೆದಿದ್ದವು. ಓದಿದಾಗ ಅದು ನಮ್ಮ ಮಂಡ್ಯ ಜಿಲ್ಲೆಯ ಊರೇ ಇರಬೇಕು ಅನ್ನಿಸಿತು. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳು ಇನ್ನೂ ಜಾಣರು. ಟೇ-ಸ್ಯಾಕ್ಸ್ ಎಂಬ ಕಾಯಿಲೆಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್‌ಸ್ಟೈನ್ 1983ರಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಮದುವೆ ವಯಸ್ಸಿನವರು ರಕ್ತ ಕೊಡುತ್ತಾರೆ, ಹೆಸರಿನ ಬದಲು ಒಂದು ನಂಬರು ಸಿಗುತ್ತದೆ. ಸಂಬಂಧ ಕುದುರುವಾಗ ಎರಡು ನಂಬರು ಹೇಳಿದರೆ ಕೂಡಿಬರುತ್ತದೆ ಅಥವಾ ಬರುವುದಿಲ್ಲ ಎಂದಷ್ಟೇ ಉತ್ತರ. ಹೊಂದಿಕೆಯಾದರೆ ತಾನು ವಾಹಕನೋ ಅಲ್ಲವೋ ಎಂಬುದು ಸ್ವತಃ ಅವನಿಗೂ ಗೊತ್ತಾಗುವುದಿಲ್ಲ. ಇದು ಸಾಲಾವಳಿಯಲ್ಲದೆ ಮತ್ತೇನು? ಸೈಪ್ರಸ್‌ನಲ್ಲಿ 1983ರಿಂದ ಥಲಸ್ಸೀಮಿಯಾ ಪರೀಕ್ಷೆಯ ಸರ್ಟಿಫಿಕೇಟು ತರದಿದ್ದರೆ ಚರ್ಚಿನಲ್ಲಿ ಮದುವೆಯಿಲ್ಲ. ಫಲಿತಾಂಶ ಏನೇ ಬರಲಿ, ಮದುವೆಗೆ ಪಾದ್ರಿಗಳ ಅಡ್ಡಿಯಿಲ್ಲ, ತಿಳಿದಿರಬೇಕು, ಅಷ್ಟೆ. ಬಹುಪಾಲು ಜೋಡಿಗಳು ಮದುವೆ ಮುರಿದುಕೊಳ್ಳಲಿಲ್ಲ, ಬಸಿರಿನಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಹೊಸದಾಗಿ ಹುಟ್ಟುವ ರೋಗಿ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು.

ನಮ್ಮಲ್ಲೂ ಶುರುವಾಗಿದೆ, ಕಾಡಿನಿಂದ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹದೋಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನಕ್ಕೆ 2047ರ ಗಡುವು. ಬುಡಕಟ್ಟು ಜನರ ರಕ್ತ ಪರೀಕ್ಷಿಸಿ ಕೈಗೆ ಕಾರ್ಡು ಕೊಡುವುದು, ಕಾರ್ಡು ನೋಡಿ ಮದುವೆ ಮಾಡಿ ಎನ್ನುವುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗ ಕಾರ್ಡು ತೋರಿಸಬೇಕು. ಬೆಟ್ಟದ ರೆಸಾರ್ಟಿನಲ್ಲಿ ಪ್ರೀ-ವೆಡ್ಡಿಂಗ್ ಫೋಟೊ ತೆಗೆಸಿಕೊಳ್ಳುವ ಬೆಂಗಳೂರಿನ ಹುಡುಗ ಪ್ಯಾಕೇಜು ತೋರಿಸಿದರೆ ಸಾಕು. ಡ್ರೋನಿನವನಿಗೆ ಕೊಡುವ ಅಡ್ವಾನ್ಸಿನಲ್ಲಿ ಇಬ್ಬರ ಎಚ್‌ಪಿಎಲ್‌ಸಿ ಮುಗಿದು ಇನ್ನೂ ದುಡ್ಡು ಮಿಗುತ್ತದೆ. ಆದರೆ ಮೊದಲು ಕೇಳುವವರು ಯಾರು? ಹೆಣ್ಣಿನ ಕಡೆಯವರು ಕೇಳಿದರೆ, ‘ಹುಡುಗಿಯಲ್ಲೇ ಏನೋ ಐಬಿದೆ’ ಅಂದುಕೊಳ್ಳುತ್ತಾರೆ. ಗಂಡಿನ ಕಡೆಯವರು ಕೇಳುವ ಪ್ರಶ್ನೆಯೇ ಬರುವುದಿಲ್ಲ, ಹುಡುಗ ಲಾಲ್‌ಬಾಗಿನಲ್ಲಿ ಮೂರು ರೌಂಡು ಹೊಡೆಯುತ್ತಾನೆ.

ಪಂಚಾಂಗದವರೇ ಕೇಳಿಬಿಟ್ಟರೆ ಎರಡೂ ಕಡೆಯ ಮಾನ ಉಳಿಯುತ್ತದಲ್ಲ ಎಂದು ನನಗೆ ತೋರಿತು. ಅಷ್ಟಕೂಟದ ಜೊತೆಗೆ ರಕ್ತಕೂಟ ಎಂದು ಒಂಬತ್ತನೆಯದನ್ನು ಸೇರಿಸಿ ಎಂದು ಪರಿಚಯದ ಜೋಯಿಸರ ಮುಂದೆ ಸಲಹೆಯಿಟ್ಟೆ. ಅವರು ನಗಲಿಲ್ಲ, ಗಂಭೀರವಾಗಿ ಯೋಚಿಸಿದರು.

‘ಸೇರಿಸೋದೇನೋ ಸೇರಿಸಬಹುದು. ದೋಷ ಬಂದ್ರೆ ಪರಿಹಾರ ಹೇಳಬೇಕಲ್ಲ?’

‘ಪರಿಹಾರ ಇದೆ ಜೋಯಿಸ್ರೇ. ಹನ್ನೊಂದನೇ ವಾರಕ್ಕೆ ಒಂದು ಪರೀಕ್ಷೆ.’

‘ಅದರ ದಕ್ಷಿಣೆ ಡಾಕ್ಟರಿಗೆ ಹೋಗುತ್ತೆ’ ಎಂದು ಪಂಚಾಂಗ ಮಡಚಿದರು.